ಇಪ್ಪತ್ತು ದೇಶ, ಒಬ್ಬ ಸೋಮಾರಿ

ಮನೆಗೆಲಸದಿಂದ ತಪ್ಪಿಸಿಕೊಳ್ಳಲು ನಮ್ಮ ತಾತನಿಗೆ ಒಂದೇ ದೇಶದ ಸಂಸ್ಕೃತಿ ಸಾಕಾಗಿತ್ತು. ಜಗುಲಿಯ ಮೇಲೆ ಕೂತು ಒಂದು ಸಲ ಕೆಮ್ಮಿದರೆ ಒಳಗಿನಿಂದ ಕಾಫಿ ಬರುತ್ತಿತ್ತು. ನಾನು ಕೆಮ್ಮಿದರೆ ‘ಫ್ಲಾಸ್ಕಲ್ಲಿ ಬಿಸಿನೀರಿದೆ, ಕುಡೀರಿ’ ಎಂಬ ಉತ್ತರ ಬರುತ್ತದೆ. ಹಾಗಾಗಿ ನಾನು ಹೊರದೇಶಗಳ ನೆರವು ಪಡೆಯಬೇಕಾಯಿತು. ಇರುವುದು ಮ್ಯಾಡ್ರಿಡ್‌ನಲ್ಲಿ, ಆದ್ದರಿಂದ ಸ್ಪ್ಯಾನಿಷ್ ಆಡುವ ದೇಶಗಳನ್ನೇ ಹಿಡಿದುಕೊಂಡೆ. ಅವು ಇಪ್ಪತ್ತಿವೆ. ಯೂರೋಪಿನಲ್ಲಿ ಸ್ಪೇನ್, ಆಫ್ರಿಕಾದಲ್ಲಿ 1968ರಲ್ಲಿ ಸ್ವತಂತ್ರವಾದ ಈಕ್ವಟೋರಿಯಲ್ ಗಿನಿ, ಉಳಿದ ಹದಿನೆಂಟೂ ಅಟ್ಲಾಂಟಿಕ್ ಸಾಗರದ ಆಚೆ. ಇಷ್ಟೊಂದು ದೇಶಗಳಿರುವಾಗ, ‘ಊಟವಾದ ಮೇಲೆ ಗಂಡಸು ಕೂತಲ್ಲಿಂದ ಏಳತಕ್ಕದ್ದಲ್ಲ’ ಎಂಬ ಪದ್ಧತಿ ಎಲ್ಲೋ ಒಂದು ಕಡೆಯಾದರೂ ಇದ್ದೇ ಇರಬೇಕು ಎಂದು ನನಗೆ ಬಲವಾದ ನಂಬಿಕೆ.

ಇಲ್ಲಿಗೆ ನಾವು ಬಂದದ್ದು ನನ್ನ ಹೆಂಡತಿಯ ಕೆಲಸಕ್ಕಾಗಿ. ನಾನು ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಲೆಕ್ಕಪತ್ರ ನೋಡುತ್ತೇನೆ. ಬೇಸಿಗೆಯಲ್ಲಿ ಭಾರತದ ಗಡಿಯಾರ ಮೂರೂವರೆ ಗಂಟೆ ಮುಂದಿರುತ್ತದೆ, ಚಳಿಗಾಲದಲ್ಲಿ ನಾಲ್ಕೂವರೆ. ಅಂದರೆ ನಾನು ಕೋಳಿ ಕೂಗುವ ಮೊದಲೇ ಲ್ಯಾಪ್‌ಟಾಪ್ ತೆರೆದು, ಮಧ್ಯಾಹ್ನದ ಹೊತ್ತಿಗೆ ಮುಚ್ಚುತ್ತೇನೆ. ಅಲ್ಲಿಂದ ರಾತ್ರಿಯವರೆಗೆ ಮನೆ, ಮಗ, ಪಾತ್ರೆ ನನ್ನ ಪಾಲು ಎಂದು ಇವಳು ಕರಾರು ಮಾಡಿದ್ದಾಳೆ. ಕರಾರು ಆದ ದಿನ ನಾನೂ ಹಾಜರಿದ್ದೆನಂತೆ.

ನಾವಿರುವುದು ಲಾವಾಪಿಯೆಸ್ ಬಡಾವಣೆಯ ಹಳೇ ಕಟ್ಟಡದಲ್ಲಿ. ಲಿಫ್ಟಿಲ್ಲ. ಒಂದನೇ ಮಹಡಿಯಲ್ಲಿ ಬುರ್ಗೋಸ್ ಕಡೆಯ ಅಜ್ಜಿ. ನಮ್ಮ ಎದುರು ಬಾಗಿಲಿಗೆ ಮೆಕ್ಸಿಕೋದ ವಹಾಕಾದಿಂದ ಬಂದ ಮೇಡಂ. ಮೇಲಿನ ಮನೆಯಲ್ಲಿ ಅರ್ಜೆಂಟೀನಾದ ರೊಸಾರಿಯೋದವನು. ತುತ್ತತುದಿಯಲ್ಲಿ ಬೊಗೊಟಾದ ಕೊಲಂಬಿಯನ್ ದಂಪತಿ ಮತ್ತು ಅವರ ಬೆಕ್ಕು. ಸ್ಪೇನಿನವರು ಮೇಷ್ಟ್ರನ್ನೂ ಹೆಸರು ಹಿಡಿದು ಏಕವಚನದಲ್ಲಿ ಕರೆಯುತ್ತಾರೆ; ಬೊಗೊಟಾದವರು ಗಂಡ, ಹೆಂಡತಿ, ಬೆಕ್ಕು ಎಲ್ಲರನ್ನೂ ಮರ್ಯಾದೆ ಕೊಟ್ಟೇ ಮಾತಾಡಿಸುತ್ತಾರೆ. ನನಗೂ ಮನೆಯಲ್ಲಿ ‘ರೀ’ ಸಿಗುತ್ತದೆ. ಆದರೆ ಆ ಬೆಕ್ಕಿಗೆ ಹೇಳುವಾಗ ಇರುವ ನಯ ಅದರಲ್ಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಇನ್ನೊಂದು ಫಜೀತಿ. ಸ್ಪೇನಿನ ಅಜ್ಜಿ ಕೆನ್ನೆಗೆ ಕೆನ್ನೆ ತಾಗಿಸಿ ಎರಡು ಮುತ್ತು ಕೊಡುತ್ತಾರೆ. ಅರ್ಜೆಂಟೀನಾದವನು ಗಂಡಸರಿಗೂ ಒಂದು ಕೊಡುತ್ತಾನೆ. ಕೈ ಮುಗಿದು ಬೆಳೆದ ನಾನು ಮಹಡಿ ಎಣಿಸುತ್ತ, ದೇಶ ಎಣಿಸುತ್ತ, ಮುತ್ತು ಎಣಿಸುತ್ತ ಹತ್ತುವಷ್ಟರಲ್ಲಿ ತರಕಾರಿ ಚೀಲ ಇನ್ನಷ್ಟು ಭಾರವಾಗಿರುತ್ತದೆ.

ನಾನು ಮೊದಲು ಆಮದು ಮಾಡಿಕೊಂಡದ್ದು ಸಿಯೆಸ್ತಾ, ಅಂದರೆ ಮಧ್ಯಾಹ್ನದ ನಿದ್ದೆ. ದೇಶಕ್ಕೆ ಬಂದ ಮೇಲೆ ದೇಶದ ಪದ್ಧತಿಗೆ ಬೆಲೆ ಕೊಡಬೇಕಲ್ಲ ಎಂದು ದಿನಾ ಮೂರು ಗಂಟೆಗೆ ಪರದೆ ಎಳೆದು ಮಲಗತೊಡಗಿದೆ. ಇವಳ ಆಫೀಸಿನಲ್ಲಿ ಎರಡು ಗಂಟೆಗೆ ಊಟ, ಮೂರಕ್ಕೆ ಮತ್ತೆ ಕೆಲಸ, ಬಿಡುವುದು ಏಳಕ್ಕೆ.

“ಅಂದಲೂಸಿಯಾದ ಹಳ್ಳೀಲಿ ಜುಲೈ ಬಿಸಿಲಿಗೆ ಬಾಗಿಲು ಹಾಕ್ಕೊಂಡು ಮಲಗ್ತಾರಂತೆ, ನಿಜ. ನಮ್ಮ ಆಫೀಸಲ್ಲಿ ಯಾರೂ ಮಲಗಲ್ಲ ರೀ. ಈ ಊರಲ್ಲಿ ದಿನಾ ಮಧ್ಯಾಹ್ನ ಮಲಗೋರನ್ನ ನಾನು ನೋಡಿದ್ದು ನಿಮ್ಮನ್ನೊಬ್ಬರನ್ನೇ,” ಎಂದಳು.

ನಾನು ಇತಿಹಾಸಕ್ಕೆ ಕೈ ಹಾಕಿದೆ. ಭೂಪಟದಲ್ಲಿ ಮ್ಯಾಡ್ರಿಡ್ ಇರುವುದು ಲಂಡನ್ನಿಗಿಂತ ಇನ್ನೂ ಪಶ್ಚಿಮಕ್ಕೆ. ಆದರೂ ಇಲ್ಲಿನ ಗಡಿಯಾರ ಬರ್ಲಿನ್ನಿನದು. 1940ರ ಮಾರ್ಚ್ 16ರ ರಾತ್ರಿ ಹನ್ನೊಂದು ಗಂಟೆಗೆ ಸರ್ವಾಧಿಕಾರಿ ಫ್ರಾಂಕೋನ ಸರ್ಕಾರ ಮುಳ್ಳನ್ನು ಒಂದು ಗಂಟೆ ಮುಂದಕ್ಕೆ ತಳ್ಳಿತು. ಮಹಾಯುದ್ಧ ಮುಗಿದರೂ ಅದನ್ನು ಯಾರೂ ಹಿಂದಕ್ಕೆ ತಿರುಗಿಸಲಿಲ್ಲ. ಬೇಸಿಗೆಯಲ್ಲಿ ಇನ್ನೊಂದು ಗಂಟೆ ಸೇರುತ್ತದೆ. ಆದ್ದರಿಂದಲೇ ಇಲ್ಲಿ ಎರಡು ಗಂಟೆ ದಾಟಿದ ಮೇಲೆ ಸೂರ್ಯ ನೆತ್ತಿಗೆ ಬರುತ್ತಾನೆ, ಜನ ಮೂರಕ್ಕೆ ಊಟ ಮಾಡುತ್ತಾರೆ, ಹೋಟೆಲಿನವರು ರಾತ್ರಿ ಒಂಬತ್ತಕ್ಕೆ ಮೊದಲು ಒಲೆ ಹಚ್ಚುವುದು ಅಪರೂಪ. ಈ ದೇಶಕ್ಕೆ ಆಗಿರುವ ನಿದ್ರಾನ್ಯಾಯವನ್ನು ಸರಿಪಡಿಸುವುದು ನನ್ನ ಪುಟ್ಟ ಪ್ರಯತ್ನ ಎಂದು ವಿವರಿಸಿದೆ.

ಇವಳು ಬೆರಳೆಣಿಸಿದಳು. “ಅಂದ್ರೆ ಸೂರ್ಯನ ಲೆಕ್ಕದಲ್ಲಿ ನೀವು ಮಲಗೋದು ಹನ್ನೆರಡೂಮುಕ್ಕಾಲಿಗೆ. ಅದು ಮಧ್ಯಾಹ್ನದ ನಿದ್ದೆ ಅಲ್ಲ, ಬೆಳಗಿನ ನಿದ್ದೆ ಇನ್ನೂ ಮುಗಿದಿಲ್ಲ ಅಂತ ಅರ್ಥ.”

ಲೆಕ್ಕಪತ್ರ ನೋಡುವವನ ಮನೆಯಲ್ಲಿ ಇಂಥ ಲೆಕ್ಕ ಇವಳಿಗೇ ಯಾಕೆ ಹೊಳೆಯುತ್ತದೋ.

ಸಿಯೆಸ್ತಾದ ಕೊರಳಿಗೆ ಕೊನೆಯ ಉರುಳು ಹಾಕಿದ್ದು ಮಾತ್ರ ಅಮ್ಮ. ಬೇಸಿಗೆಗೆಂದು ಊರಿನಿಂದ ಬಂದಳು. ಬಂದ ದಿನ ಸಂಜೆ ಸ್ನಾನ ಮಾಡಿ, ಬತ್ತಿ ಹೊಸೆದು, ಎಣ್ಣೆ ಹಾಕಿ, ಬೆಂಕಿಪೊಟ್ಟಣ ಹಿಡಿದು ದೇವರ ಮುಂದೆ ಕೂತಳು. ದೀಪ ಹಚ್ಚಲು ಮುಸ್ಸಂಜೆಯಾಗಬೇಕು. ಏಳಾಯಿತು, ಎಂಟಾಯಿತು, ಬಿಸಿಲು ಗೋಡೆ ಬಿಟ್ಟು ಕದಲಲಿಲ್ಲ. ಜೂನ್ ತಿಂಗಳಲ್ಲಿ ಮ್ಯಾಡ್ರಿಡ್‌ನ ಸೂರ್ಯ ಮುಳುಗುವುದು ರಾತ್ರಿ ಹತ್ತು ಗಂಟೆಗೆ ಸ್ವಲ್ಪ ಮುಂಚೆ. ದೀಪ ಹಚ್ಚದೆ ಊಟವಿಲ್ಲ, ಊಟವಾಗದೆ ಮಾತ್ರೆ ಇಲ್ಲ. ಮೂರು ದಿನ ತಾಳಿಕೊಂಡ ಅಮ್ಮ ನಾಲ್ಕನೆಯ ದಿನ ಫ್ರಾಂಕೋನನ್ನು ಪಕ್ಕಕ್ಕಿಟ್ಟು ಹಾಸನದ ಗಡಿಯಾರ ಹಿಡಿದಳು. ಊರಲ್ಲಿ ಸಂಜೆ ಆರೂಮುಕ್ಕಾಲೆಂದರೆ ಇಲ್ಲಿ ಮಧ್ಯಾಹ್ನ ಮೂರೂಕಾಲು. ಆ ಹೊತ್ತಿಗೆ ದೀಪ ಹಚ್ಚಿ, ಗಂಟೆ ಬಾರಿಸಿ, ನೇರ ನನ್ನ ಕೋಣೆಗೆ ಬಂದಳು.

“ದೀಪ ಹಚ್ಚಿರೋ ಹೊತ್ತಲ್ಲಿ ಮಲಗ್ತಾರೇನೋ? ಲಕ್ಷ್ಮಿ ಮನೆಗೆ ಬರೋ ಹೊತ್ತು ಕಣೋ. ಏಳು, ಬಾಗಿಲು ತೆಗಿ.”

ಹೊರಗೆ ಮೂವತ್ತೆಂಟು ಡಿಗ್ರಿ ಬಿಸಿಲು. ಆ ಬಿಸಿಲಲ್ಲಿ ಲಕ್ಷ್ಮಿಯಿರಲಿ, ಅಂಚೆಯವನೂ ಬರುವುದಿಲ್ಲ. ಆದರೂ ಎದ್ದೆ. ಇಲ್ಲಿನ ರೇಡಿಯೋದಲ್ಲಿ ಸಮಯ ಹೇಳಿದಾಗಲೆಲ್ಲ ‘ಕ್ಯಾನರಿ ದ್ವೀಪಗಳಲ್ಲಿ ಒಂದು ಗಂಟೆ ಕಡಿಮೆ’ ಎಂದು ಸೇರಿಸುತ್ತಾರೆ. ಹಾಗಿದ್ದರೆ ನಾನು ಕ್ಯಾನರಿ ದ್ವೀಪದ ಲೆಕ್ಕದಲ್ಲಿ ಮಲಗಿ, ಅಮ್ಮನ ಮುಸ್ಸಂಜೆಯಿಂದ ತಪ್ಪಿಸಿಕೊಳ್ಳಬಹುದೇ ಎಂದು ಕೇಳಿ ನೋಡಿದೆ. “ನಿಂಗೆ ಅಲ್ಲಿ ಯಾರಿದ್ದಾರೆ?” ಎಂದಳು ಅಮ್ಮ.

ಅಮ್ಮನನ್ನು ಸುತ್ತಾಡಿಸುವ ಹೊಣೆಯೂ ನನ್ನದೇ. ರೈಲ್ವೆ ನಿಲ್ದಾಣವೊಂದರಲ್ಲಿ ಹಸಿವಾಯಿತೆಂದಾಗ ಫಲಕದ ಮೇಲೆ ‘ತರಕಾರಿ ಸ್ಯಾಂಡ್‌ವಿಚ್’ ಎಂದಿದ್ದನ್ನು ಓದಿ, ನನ್ನ ಭಾಷಾಜ್ಞಾನದ ಬಗ್ಗೆ ಎದೆಯುಬ್ಬಿಸಿ ಕೊಂಡು ತಂದೆ. ಬಿಡಿಸಿದರೆ ಲೆಟ್ಯೂಸ್, ಟೊಮೆಟೊ, ಅದರ ನಡುವೆ ನೆಮ್ಮದಿಯಾಗಿ ಮಲಗಿದ್ದ ಟ್ಯೂನಾ ಮೀನು ಮತ್ತು ಬೇಯಿಸಿದ ಮೊಟ್ಟೆ. ಇಲ್ಲಿ ತರಕಾರಿ ಸ್ಯಾಂಡ್‌ವಿಚ್ ಎಂದರೆ ಸಾಮಾನ್ಯವಾಗಿ ಹೀಗೇ. ಸೊಪ್ಪಿನ ಜೊತೆ ಇದ್ದ ಮೇಲೆ ಮೀನಿಗೂ ಸಸ್ಯದ ಸ್ಥಾನ. ಬುರ್ಗೋಸ್ ಅಜ್ಜಿಗೆ ನಾವು ಮಾಂಸ ತಿನ್ನುವುದಿಲ್ಲ ಎಂದು ವಿವರವಾಗಿ ಹೇಳಿದ್ದೆ. ಪಾಪ, ತುಂಬ ಅರ್ಥ ಮಾಡಿಕೊಂಡು, ಮಾರನೆಯ ದಿನ ಒಂದು ತಟ್ಟೆ ಹ್ಯಾಮ್ ಕಳಿಸಿದರು.

ಆಗಸ್ಟಿನ ಕೊನೆಯ ಬುಧವಾರ ಟೀವಿಯಲ್ಲಿ ಬುನ್ಯೋಲ್ ಊರಿನ ಟೊಮೆಟೊ ಎರಚಾಟ ತೋರಿಸುತ್ತಿದ್ದರು. 1945ರಲ್ಲಿ ಹುಡುಗರ ಜಗಳದಿಂದ ಶುರುವಾದದ್ದು, ಈಗ ಲಾರಿಗಟ್ಟಲೆ ಟೊಮೆಟೊ ತಂದು ಸುರಿಯುತ್ತಾರೆ, ಪ್ರಪಂಚದ ಮೂಲೆಮೂಲೆಯಿಂದ ಜನ ಬಂದು ಹೊಡೆದಾಡುತ್ತಾರೆ ಎಂದು ನಾನು ಅಮ್ಮನಿಗೆ ವ್ಯಾಖ್ಯಾನ ಕೊಡುತ್ತಿದ್ದೆ. ಕೆಂಪಗೆ ಹರಿಯುವ ಬೀದಿ ನೋಡಿ ಅಮ್ಮನ ಮುಖ ಬಾಡಿತು. “ಪಾಪ, ಇಲ್ಲೂ ರೇಟು ಬಿತ್ತೇನೋ?” ಎಂದಳು. ಕೋಲಾರದಲ್ಲಿ ಬೆಲೆ ಕುಸಿದಾಗ ರೈತರು ರಸ್ತೆಗೆ ಟೊಮೆಟೊ ಸುರಿಯುವುದನ್ನು ನೋಡಿದ ಕಣ್ಣು ಅದು. ನನ್ನ ವ್ಯಾಖ್ಯಾನ ಅಲ್ಲಿಗೆ ನಿಂತಿತು.

ಅಮ್ಮ ಊರಿಗೆ ಹೊರಟ ಮೇಲೆ ನಾನು ಅರ್ಜೆಂಟೀನಾದತ್ತ ಹೊರಳಿದೆ. ಮೇಲಿನ ಮನೆಯವನದು ಯೆರ್ಬಾ ಮಾತೆ ಎಂಬ ಸೊಪ್ಪಿನ ಕಷಾಯ. ಸೋರೆ ಬುರುಡೆಯೊಂದರಲ್ಲಿ ಒಣಗಿದ ಸೊಪ್ಪು ತುಂಬಿ, ಕುದಿ ಬರುವ ಮೊದಲೇ ಇಳಿಸಿದ ನೀರನ್ನು ಫ್ಲಾಸ್ಕಿನಿಂದ ಹೊಯ್ದು, ಲೋಹದ ಕೊಳವೆಯಲ್ಲಿ ಹೀರುವುದು. ಬುರುಡೆ ಒಂದೇ, ಕೊಳವೆ ಒಂದೇ. ಹೊಯ್ಯುವವನು ಒಬ್ಬರಿಗೆ ಕೊಡುತ್ತಾನೆ, ಅವರು ಪೂರ್ತಿ ಹೀರಿ ವಾಪಸು ಕೊಡುತ್ತಾರೆ, ಮತ್ತೆ ತುಂಬಿ ಮುಂದಿನವರಿಗೆ. ಎಂಜಲಿನ ವಿಷಯದಲ್ಲಿ ನಮ್ಮಜ್ಜಿ ಹೇಳಿಕೊಟ್ಟ ಶಾಸ್ತ್ರವನ್ನೆಲ್ಲ ಒಂದು ಸಂಜೆಯ ಮಟ್ಟಿಗೆ ಗಂಟು ಕಟ್ಟಿ ಇಟ್ಟೆ. ಯಾಕೆಂದರೆ ಈ ಕಾರ್ಯಕ್ರಮ ಎರಡು ಗಂಟೆ ನಡೆಯುತ್ತದೆ, ಅಷ್ಟು ಹೊತ್ತೂ ಯಾರೂ ಏಳುವುದಿಲ್ಲ.

ಮೊದಲ ಸುತ್ತಿನಲ್ಲೇ ನನಗೆ ಬುರುಡೆ ಬಂತು. ಬೇವಿನ ಕಡ್ಡಿಯ ಕಹಿ. ಹೀರಿ ಮುಗಿಸಿ, ಸಂಭಾವಿತನಂತೆ ‘ಗ್ರಾಸಿಯಾಸ್’ ಎಂದು ಹಿಂತಿರುಗಿಸಿದೆ. ಬುರುಡೆ ಮತ್ತೆ ಸುತ್ತಿತು. ನನ್ನ ಬಳಿ ಬರಲಿಲ್ಲ. ಇನ್ನೊಂದು ಸುತ್ತು, ನನ್ನ ಮೂಗಿನ ಮುಂದೆಯೇ ದಾಟಿ ಹೋಯಿತು. ಜಾತಿ ಕೇಳಿದನೇ, ಬಾಡಿಗೆ ಬಾಕಿ ಇದೆಯೇ, ಏನೂ ತಿಳಿಯದೆ ಅವಮಾನ ನುಂಗಿ ಕೂತೆ. ಕೊನೆಗೆ ನಮ್ಮ ಪುಟ್ಟ ಬಿಡಿಸಿ ಹೇಳಿದ: ಮಾತೆ ಕುಡಿಯುವಾಗ ಧನ್ಯವಾದ ಹೇಳಿದರೆ ‘ನನಗೆ ಸಾಕು, ಇನ್ನು ಕೊಡಬೇಡಿ’ ಎಂದು ಲೆಕ್ಕ. ಶಾಲೆಯಲ್ಲಿ ಅವನ ಪಕ್ಕ ಕೂರುವವನು ಉರುಗ್ವೆಯ ಹುಡುಗ. ಆ ದೇಶದವರು ಫ್ಲಾಸ್ಕನ್ನು ಕಂಕುಳಲ್ಲಿ ಇಟ್ಟುಕೊಂಡೇ ಬೀದಿ ಸುತ್ತುತ್ತಾರೆ.

ಇವಳಿಗೆ ಹೇಳಿದೆ. “ಮದುವೆಯಾದಾಗಿಂದ ನನ್ನ ಕಾಫಿಗೆ ಒಂದು ದಿನ ಥ್ಯಾಂಕ್ಸ್ ಅಂದಿಲ್ಲ. ಮೊದಲ ಸಲ ಅಂದದ್ದು ಮೇಲಿನ ಮನೆಯವನಿಗೆ, ಅದೂ ಅನ್ನಬಾರದ ಕಡೆ,” ಎಂದು ಎದ್ದು ಹೋದಳು.

ನವೆಂಬರ್ ಮೊದಲೆರಡು ದಿನ ಎದುರು ಮನೆಯಲ್ಲಿ ಸತ್ತವರ ಹಬ್ಬ. ಮೆಕ್ಸಿಕೋದ ಮೇಡಂ ಹಾಲ್‌ನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪೀಠ ಕಟ್ಟಿ, ತೀರಿಕೊಂಡವರ ಫೋಟೋ, ನೀರು, ಉಪ್ಪು, ಮೇಣದಬತ್ತಿ, ಸಿಹಿ ರೊಟ್ಟಿ ಇಟ್ಟು, ಬಾಗಿಲಿನಿಂದ ಪೀಠದವರೆಗೆ ಚೆಂಡುಹೂವಿನ ಎಸಳು ಚೆಲ್ಲಿದ್ದರು. ಆ ವಾಸನೆ ಹಿಡಿದು ಆತ್ಮಗಳು ದಾರಿ ಕಂಡುಕೊಳ್ಳುತ್ತವಂತೆ. ನಾನು ಆ ಹೂವಿನ ವಾಸನೆಗೆ ಆಯುಧಪೂಜೆ ನೆನೆದು, ನಮ್ಮ ಲಾರಿಗಳಿಗೆಲ್ಲ ಇದೇ ಹೂವು ಎಂದು ಹೆಮ್ಮೆಪಟ್ಟೆ. “ಗೊತ್ತು, ನಮ್ಮಲ್ಲಿಂದ ಹೋದದ್ದು,” ಎಂದರು ಮೇಡಂ. ನಿಜವೇ, ಚೆಂಡುಹೂವಿನ ತವರು ಮೆಕ್ಸಿಕೋ ಸೀಮೆ. ಮೆಣಸಿನಕಾಯಿಯದೂ ಅದೇ. ಬ್ಯಾಡಗಿಯ ಬಗ್ಗೆ ಕೊಚ್ಚಿಕೊಳ್ಳಲು ಬಾಯಿ ತೆರೆದಿದ್ದೆ, ಮುಚ್ಚಿದೆ.

ನಮ್ಮಲ್ಲೂ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೇವೆ, ಅವರಿಗೆ ಇಷ್ಟವಾದದ್ದನ್ನೇ ಮಾಡಿ ಬಡಿಸುತ್ತೇವೆ ಎಂದು ಹೇಳಿದೆ. ಅವರು ಕಣ್ಣರಳಿಸಿ, ನಮ್ಮಪ್ಪನ ಫೋಟೋವನ್ನೂ ತಂದಿಡಿ ಎಂದರು. “ನಿಮ್ಮ ತಂದೆಗೆ ಏನೇನು ಇಷ್ಟ?”

“ಆಲೂಗಡ್ಡೆ ಬೋಂಡ, ಫಿಲ್ಟರ್ ಕಾಫಿ, ನನ್ನನ್ನು ಬಯ್ಯೋದು.”

“ಮೊದಲೆರಡು ನೀವು ಮಾಡಿ,” ಎಂದಳು ಇವಳು, “ಮೂರನೆಯದಕ್ಕೆ ನಾನಿದ್ದೀನಿ.”

ಡಿಸೆಂಬರ್ 31ರ ರಾತ್ರಿ ಎಲ್ಲರೂ ನಮ್ಮ ಮನೆಯಲ್ಲಿ ಸೇರಿದರು. ಸ್ಪೇನಿನಲ್ಲಿ ಹನ್ನೆರಡು ಗಂಟೆ ಬಾರಿಸುವಾಗ ಒಂದೊಂದು ಹೊಡೆತಕ್ಕೆ ಒಂದೊಂದರಂತೆ ಹನ್ನೆರಡು ದ್ರಾಕ್ಷಿ ತಿನ್ನಬೇಕು. 1909ರಲ್ಲಿ ಅಲಿಕಾಂತೆ ಕಡೆ ಬೆಳೆ ವಿಪರೀತವಾಗಿ ಬೆಳೆಗಾರರು ಹಬ್ಬಿಸಿದ ಪದ್ಧತಿ ಎಂದು ಕಥೆ. ಆದರೆ 19ನೇ ಶತಮಾನದ ಕೊನೆಯ ಮ್ಯಾಡ್ರಿಡ್ ಪತ್ರಿಕೆಗಳಲ್ಲೇ ಇದರ ಸುದ್ದಿ ಇದೆ. ದೇಶವೆಲ್ಲ ಟೀವಿಯಲ್ಲಿ ನೋಡುವುದು ಪುಯೆರ್ತಾ ದೆಲ್ ಸೋಲ್ ಚೌಕದ ಗಡಿಯಾರವನ್ನು. ನಮ್ಮ ಮನೆಯಿಂದ ನಡೆದರೆ ಕಾಲು ಗಂಟೆ ದಾರಿ, ಆದರೂ ನಾವು ಟೀವಿಯಲ್ಲೇ ನೋಡಿದೆವು. ನಡೆಯುವ ಪದ್ಧತಿಯನ್ನು ನಾನು ಇನ್ನೂ ಆಮದು ಮಾಡಿಕೊಂಡಿಲ್ಲ.

ಅಜ್ಜಿ ದ್ರಾಕ್ಷಿ ತಂದರು, ಜೊತೆಗೆ ಒಂದು ಷರತ್ತು: ಆ ರಾತ್ರಿ ಕೆಂಪು ಒಳಉಡುಪು ಹಾಕಿರಬೇಕು, ಅದೃಷ್ಟಕ್ಕೆ. ಕೊಲಂಬಿಯಾದವರು ತಲೆಯಾಡಿಸಿದರು. ಅವರ ಕಡೆ ಅದು ಹಳದಿ. ಅಷ್ಟೇ ಅಲ್ಲ, ಜೇಬಿನಲ್ಲಿ ಒಂದು ಹಿಡಿ ಮಸೂರ ಬೇಳೆ ಇಟ್ಟುಕೊಂಡರೆ ವರ್ಷವಿಡೀ ದುಡ್ಡು. ಖಾಲಿ ಸೂಟ್‌ಕೇಸ್ ಹಿಡಿದು ಬೀದಿಯಲ್ಲಿ ಒಂದು ಸುತ್ತು ಬಂದರೆ ವರ್ಷವಿಡೀ ಪ್ರವಾಸ. ಸಿಗುವ ಅದೃಷ್ಟವನ್ನು ಯಾಕೆ ಬಿಡಬೇಕೆಂದು ಎರಡೂ ದೇಶದ್ದನ್ನು ಪೂರ್ತಿ ಪಾಲಿಸಲು ತೀರ್ಮಾನಿಸಿದೆ. ಕೆಂಪು, ಹಳದಿ ಎರಡನ್ನೂ ಹಾಕಿಕೊಂಡರೆ ಹೇಗೆ ಎಂದು ಇವಳ ಕಿವಿಯಲ್ಲಿ ಕೇಳಿದೆ. “ಕನ್ನಡ ಬಾವುಟ ಆಗುತ್ತೆ. ರಾಜ್ಯೋತ್ಸವಾನ ಅಲ್ಲಿ ಆಚರಿಸೋದು ಬೇಡ,” ಎಂದಳು.

ಹನ್ನೆರಡಕ್ಕೆ ಸ್ವಲ್ಪ ಮುಂಚೆ ಗಡಿಯಾರ ಢಣಢಣ ಎಂದಿತು. ನಾನು ಬಾಯಿಗೆ ಹಾಕತೊಡಗಿದೆ. ಒಂದು, ಎರಡು, ಮೂರು, ನಾಲ್ಕು. “ಅಪ್ಪಾ, ಅದಲ್ಲ!” ಎಂದು ಪುಟ್ಟ ಕಿರುಚಿದ. ನಿಜವಾದ ಹನ್ನೆರಡು ಹೊಡೆತಕ್ಕೆ ಮೊದಲು ಕಾಲುಗಂಟೆಯ ನಾಲ್ಕು ಜೋಡಿ ಸದ್ದು ಬರುತ್ತದೆ, ಹೊಸಬರು ಅಲ್ಲೇ ಬೀಳುತ್ತಾರೆ. ಪಕ್ಕದವರ ಬಟ್ಟಲಿಗೆ ಕೈ ಹಾಕಿ ನಾಲ್ಕು ಕದ್ದೆ. ಅಷ್ಟರಲ್ಲಿ ಮೂರು ಸೆಕೆಂಡಿಗೊಂದರಂತೆ ಹೊಡೆತ ಶುರು. ದ್ರಾಕ್ಷಿಯಲ್ಲಿ ಬೀಜ ಬೇರೆ. ಉಗುಳಲು ಪುರುಸೊತ್ತಿಲ್ಲ, ನುಂಗಲು ಜಾಗವಿಲ್ಲ. ಎರಡೂ ಕೆನ್ನೆ ಉಬ್ಬಿ, ಕಣ್ಣಲ್ಲಿ ನೀರು ತುಂಬಿ, ಹೊಸ ವರ್ಷದ ಶುಭಾಶಯಕ್ಕೆ ‘ಮ್ಮ್’ ಎಂದಷ್ಟೇ ಉತ್ತರಿಸಿ, ಸೂಟ್‌ಕೇಸ್ ಎತ್ತಿಕೊಂಡು ಮೆಟ್ಟಿಲಿಳಿದು ಓಡಿದೆ.

ಜೇಬು ತೂತಾಗಿತ್ತು. ಬೀದಿ ಸುತ್ತಿ ವಾಪಸು ಬಂದು ನೋಡಿದರೆ ಮೂರನೆಯ ಮಹಡಿಯಿಂದ ಕೆಳಬಾಗಿಲವರೆಗೆ ಬೇಳೆಯ ಸಾಲು. ಇವಳು ಮೆಟ್ಟಿಲ ತುದಿಯಲ್ಲಿ ಪೊರಕೆ ಹಿಡಿದು ನಿಂತಿದ್ದಳು, ತನಗೆಂದಲ್ಲ. ರಾತ್ರಿ ಒಂದು ಗಂಟೆಗೆ ಮೂರು ಮಹಡಿ ಗುಡಿಸಿದೆ. ಬೆಳಿಗ್ಗೆ ಅಮ್ಮ ಫೋನಿನಲ್ಲಿ, ವರ್ಷದ ಮೊದಲ ದಿನ ಏನು ಮಾಡ್ತೀವೋ ವರ್ಷಪೂರ್ತಿ ಅದನ್ನೇ ಮಾಡ್ತೀವಂತೆ ಎಂದು ಹರಸಿದಳು.

ಜನವರಿ 6 ಮೂವರು ರಾಜರ ಹಬ್ಬ. ಬಳೆಯಾಕಾರದ ದೊಡ್ಡ ಸಿಹಿ ಬ್ರೆಡ್ಡು ತರುತ್ತಾರೆ. ಮೊಟ್ಟೆ ಹಾಕಿರುತ್ತಾರೆ, ಆದರೆ ಬೇಕರಿಯ ಮೊಟ್ಟೆ ಮೊಟ್ಟೆಯಲ್ಲ ಎಂಬುದು ನಮ್ಮ ಮನೆಯ ಶಾಸ್ತ್ರ. ಅದರೊಳಗೆ ಒಂದು ಪುಟಾಣಿ ಗೊಂಬೆ, ಒಂದು ಒಣಗಿದ ಕಾಳು ಅಡಗಿಸಿರುತ್ತಾರೆ. ಗೊಂಬೆ ಸಿಕ್ಕವನು ಕಾಗದದ ಕಿರೀಟ ಹಾಕಿಕೊಂಡು ರಾಜನಾಗುತ್ತಾನೆ, ಕಾಳು ಸಿಕ್ಕವನು ಬ್ರೆಡ್ಡಿನ ದುಡ್ಡು ಕೊಡಬೇಕು. ನನ್ನ ತುಂಡಿನಲ್ಲಿ ಗೊಂಬೆ ಸಿಕ್ಕಿತು. ಕಿರೀಟ ಧರಿಸಿ, ಇನ್ನು ಒಂದು ದಿನ ರಾಜ ಪಾತ್ರೆ ತೊಳೆಯುವುದಿಲ್ಲ ಎಂದು ಘೋಷಿಸಿದೆ.

“ಒಂದು ನಿಮಿಷ,” ಎಂದರು ಎದುರು ಮನೆಯ ಮೇಡಂ. “ಮೆಕ್ಸಿಕೋದಲ್ಲಿ ಗೊಂಬೆ ಸಿಕ್ಕವರು ಫೆಬ್ರವರಿ 2ಕ್ಕೆ ಎಲ್ಲರಿಗೂ ತಮಾಲ್ ಮಾಡಿ ಬಡಿಸಬೇಕು.”

ಇದು ಸ್ಪೇನ್, ಇಲ್ಲಿ ಇಲ್ಲಿನ ಕಾನೂನು ಎಂದೆ. “ನಮ್ಮನೇಲಿ ಇಪ್ಪತ್ತು ದೇಶದ ಕಾನೂನೂ ನಡೆಯುತ್ತೆ ಅಂತ ನೀವೇ ಹೇಳಿದ್ದಲ್ವಾ?” ಎಂದಳು ಇವಳು. ಮಾಡಿದ್ದುಣ್ಣೋ ಮಹರಾಯ.

ತಮಾಲ್ ಎಂದರೆ ಮೆಕ್ಕೆಜೋಳದ ಸಿಪ್ಪೆಯೊಳಗೆ ಬೆಂದ ಕಡುಬು. ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ ಮಾಡಿದ ಹಿಟ್ಟು ತಂದೆ. ಹಂದಿಯ ಕೊಬ್ಬಿನ ಬದಲು ತುಪ್ಪ ಹಾಕಿದೆ. ಮೇಡಂ ಒಪ್ಪಲಿಲ್ಲ, ಮೂಸಿ ನೋಡಿ ಒಪ್ಪಿದರು. ಹಿಟ್ಟನ್ನು ಕೈ ಸೋಲುವವರೆಗೆ ನಾದಿ, ಒಂದು ಚೂರು ತಣ್ಣೀರಿಗೆ ಹಾಕಬೇಕು, ತೇಲಿದರೆ ಹದ. ನನ್ನದು ಮುಳುಗಿತು. ಇನ್ನಷ್ಟು ನಾದಿದೆ, ಮತ್ತೆ ಮುಳುಗಿತು. ತೇಲುವ ಹೊತ್ತಿಗೆ ನನ್ನ ರಟ್ಟೆ ಬಿದ್ದುಹೋಗಿತ್ತು. ನೆನೆಸಿದ ಸಿಪ್ಪೆಯ ಮೇಲೆ ಹಿಟ್ಟು ಸವರಿ, ಮೆಣಸಿನಕಾಯಿ ಸೀಳು, ಚೀಸ್ ಇಟ್ಟು, ಮಡಿಸಿ, ಇಡ್ಲಿ ಪಾತ್ರೆಯಲ್ಲಿ ನಿಲ್ಲಿಸಿದೆ. ತಳಕ್ಕೆ ಒಂದು ನಾಣ್ಯ ಹಾಕಿ ಎಂದರು ಮೇಡಂ. ನೀರಿರುವವರೆಗೆ ಅದು ಕಟಕಟ ಎನ್ನುತ್ತದೆ, ನಿಂತರೆ ನೀರು ಆರಿದೆಯೆಂದು ಗೊತ್ತಾಗುತ್ತದೆ. ಆ ಕಟಕಟ ಜೋಗುಳ ಕೇಳುತ್ತ ಕುರ್ಚಿಯಲ್ಲೇ ಕಣ್ಣು ಹತ್ತಿತು. “ರೀ, ನಾಣ್ಯ ಸುಮ್ಮನಾಯ್ತು!” ಎಂದು ಇವಳು ಒಳಗಿನಿಂದ ಕೂಗದಿದ್ದರೆ ಕಟ್ಟಡಕ್ಕೆ ಅಗ್ನಿಶಾಮಕದವರೂ ಊಟಕ್ಕೆ ಬರುತ್ತಿದ್ದರು.

ಒಂಬತ್ತಕ್ಕೆ ಕರೆದದ್ದು, ಹತ್ತಕ್ಕೆ ಬಂದರು. ಕೊಲಂಬಿಯಾದವರು, ನಮ್ಮ ಕಡೆ ಬಾಳೆಲೆಯಲ್ಲಿ ಕಟ್ಟುತ್ತೇವೆ, ಬೆಳಿಗ್ಗೆ ಬಿಸಿ ಚಾಕೊಲೇಟ್ ಜೊತೆ ತಿನ್ನುತ್ತೇವೆ ಎಂದರು. ಅರ್ಜೆಂಟೀನಾದವನು, ನಮ್ಮಲ್ಲಿ ಇದು ಉತ್ತರದ ಸಾಲ್ತಾ ಕಡೆಯವರದ್ದು ಎಂದು ಬೆಳಗಾವಿಯ ವಿಷಯ ಮೈಸೂರಿನವರು ಹೇಳುವಂತೆ ಹೇಳಿದ. ಬುರ್ಗೋಸ್ ಅಜ್ಜಿ ಎರಡು ತಿಂದು, ಎಲ್ಲ ಚೆನ್ನಾಗಿದೆ, ಸ್ವಲ್ಪ ಹ್ಯಾಮ್ ಇರಬೇಕಿತ್ತು ಎಂದರು.

ಆಮೇಲೆ ಶುರುವಾದದ್ದು ಸೋಬ್ರೆಮೆಸಾ. ಊಟವಾದ ಮೇಲೆ ಮೇಜು ಬಿಟ್ಟೇಳದೆ ಹರಟುವ ಈ ಪದ್ಧತಿಯನ್ನು, ಪಾತ್ರೆ ತೊಳೆಯುವುದನ್ನು ಮುಂದೂಡಲು, ಮನೆಗೆ ತಂದು ಪ್ರಚಾರ ಮಾಡಿದವನು ನಾನೇ. ಟಾಂಗೋ ಗಾಯಕ ಗಾರ್ದೆಲ್ ಹುಟ್ಟಿದ್ದು ಫ್ರಾನ್ಸಿನಲ್ಲೋ ಉರುಗ್ವೆಯಲ್ಲೋ, ಆಲೂಗಡ್ಡೆ ಆಮ್ಲೆಟ್ಟಿಗೆ ಈರುಳ್ಳಿ ಹಾಕಬೇಕೋ ಬೇಡವೋ, ಒಂದೊಂದಕ್ಕೂ ಅರ್ಧರ್ಧ ಗಂಟೆ. ಹನ್ನೆರಡಾಯಿತು. ಬೆಳಗಿನ ಐದಕ್ಕೆ ನನಗೆ ಬೆಂಗಳೂರಿನ ಒಂಬತ್ತೂವರೆ. ಬಾಯಿ ತುಂಬ ಆಕಳಿಸಿದೆ, ಯಾರೂ ನೋಡಲಿಲ್ಲ. ಮಗನನ್ನು ಮಲಗಿಸಿ ಬಂದೆ. ನನ್ನ ಕುರ್ಚಿಗೆ ಬೆಕ್ಕನ್ನು ಬಹಳ ಮರ್ಯಾದೆಯಿಂದ ಕೂರಿಸಿದ್ದರು. ತಾಂಬೂಲ ಕೊಟ್ಟರೆ ನೆಂಟರು ಹೊರಡುತ್ತಾರೆಂಬ ನಮ್ಮೂರ ಧೈರ್ಯದಲ್ಲಿ ಅಮ್ಮ ಬಿಟ್ಟುಹೋಗಿದ್ದ ಅಡಿಕೆಪುಡಿ ತಂದಿಟ್ಟೆ. ಇನ್ನೊಂದು ಬಗೆಯ ಸಿಹಿ ಎಂದುಕೊಂಡು ಚಪ್ಪರಿಸಿ, ಪಾಕ ಕೇಳಿದರು.

ಒಂದು ಗಂಟೆಗೆ ಅರ್ಜೆಂಟೀನಾದವನು ಎದ್ದ. ನಾನೂ ಚಂಗನೆ ಎದ್ದು ಬಾಗಿಲವರೆಗೆ ಹೋದೆ. ಅವನು ಮೇಲೆ ಹೋಗಿ ಬುರುಡೆ, ಕೊಳವೆ, ಒಂದು ಲೀಟರಿನ ಫ್ಲಾಸ್ಕು ಹಿಡಿದು ವಾಪಸು ಬಂದ. ಮೊದಲ ಬುರುಡೆ ಮನೆಯೊಡತಿಗೆ. ಇವಳು ಕಹಿಯನ್ನು ಒಂದೇ ಉಸಿರಿಗೆ ಹೀರಿ, ಬುರುಡೆ ಹಿಂತಿರುಗಿಸಿ, ನನ್ನ ಕಡೆ ನೋಡುತ್ತ ಸ್ಪಷ್ಟವಾಗಿ “ಗ್ರಾಸಿಯಾಸ್” ಎಂದು ಹೇಳಿ, ಮಲಗಲು ಹೋದಳು.